ಚೀಲ ಎಲ್ಲಿ ಇಳಿಸಿದಿರಿ? ಪಿಎಚ್‌ಡಿ ಕ್ಷೇತ್ರಕಾರ್ಯವನ್ನು ವಿಮರ್ಶೆಯ ಕಣ್ಣಿನಿಂದ ನೋಡುವವರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಥೀಸಿಸ್‌ಗಳಲ್ಲಿ 'ಅಧ್ಯಯನದ ವಿಧಾನ' ಅಂತ ಒಂದು ಅಧ್ಯಾಯ ಇರುತ್ತದೆ. ಅದರ ಕೊನೆಗೆ ಬಹಳ ಸಲ 'ಕ್ಷೇತ್ರಕಾರ್ಯದಲ್ಲಿ ಎದುರಾದ ತೊಂದರೆಗಳು' ಅಂತ ಅರ್ಧ ಪುಟ. ಬಸ್ ಸರಿಯಾಗಿ ಇರಲಿಲ್ಲ, ಮಳೆ ಜಾಸ್ತಿ, ಜನ ಮೊದಮೊದಲು ಹಿಂಜರಿದರು, ಆಮೇಲೆ ಸಹಕರಿಸಿದರು. ಅಷ್ಟೇ.

ನನ್ನ ಮೊದಲ ಕರಡಿನಲ್ಲೂ ಇದೇ ಅರ್ಧ ಪುಟ ಇತ್ತು. ನನ್ನ ಗೈಡ್ ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದರು: "ಯಾಕೆ ಹಿಂಜರಿದರು? ಆಮೇಲೆ ಯಾಕೆ ಹೇಳಿದರು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಡಂಚಿನ ಒಂದು ಹಾಡಿಗೆ, ಅಂದರೆ ಆದಿವಾಸಿಗಳ ಪುಟ್ಟ ಊರಿಗೆ, ವರ್ಷಗಟ್ಟಲೆ ಹೋಗಿ ಬಂದಿದ್ದೆ. ಎಂಟು ನೋಟ್‌ಬುಕ್ ತುಂಬಿದ್ದವು. ಆದರೆ ಆ ಮಾತುಗಳು ನನ್ನ ಕಿವಿಗೆ ಯಾಕೆ ಬಿದ್ದವು ಅನ್ನುವುದು ಒಂದರಲ್ಲೂ ಇರಲಿಲ್ಲ.

ಇನ್ನೊಂದು ತುದಿಯೂ ಇದೆ. "ನಾನು ಪೇಟೆಯವನು, ಗಂಡಸು, ಮೇಲ್ಜಾತಿಯವನು, ಇದರ ಅರಿವು ನನಗಿದೆ" ಅಂತ ಒಂದು ಪ್ಯಾರಾ ಬರೆದು, ಮುಂದಿನ ಮುನ್ನೂರು ಪುಟ ಏನೂ ಆಗಿಲ್ಲದಂತೆ ಬರೆಯುವುದು. ದೇವಸ್ಥಾನದ ಮುಂದಿನ ನಲ್ಲಿಯಲ್ಲಿ ಕಾಲು ತೊಳೆದ ಹಾಗೆ. ತೊಳೆದದ್ದಾಯಿತು, ಒಳಗೆ ಹೋದದ್ದಾಯಿತು. ನಾನು ಇಲ್ಲಿ ಹೇಳಹೊರಟಿರುವ ವಿಮರ್ಶೆ ಅದಲ್ಲ. ನಿಮ್ಮ ಪ್ರತಿ ಮಾಹಿತಿಯೂ ಯಾವ ದಾರಿಯಲ್ಲಿ ನಿಮ್ಮ ತನಕ ಬಂತು ಅನ್ನುವುದನ್ನು ದಿನದಿನವೂ ಬರೆದಿಡುವ ಕೆಲಸ ಅದು. ಕೊನೆಗೆ ಒಂದೇ ಸಲ ಮಾಡುತ್ತೇನೆ ಅಂದರೆ ಆಗುವುದಿಲ್ಲ.

ಹೊರಡುವ ಮೊದಲು: ಊಹೆಗಳನ್ನು ಬರೆದು ಲಕೋಟೆಗೆ ಹಾಕಿ

ಕೋರ್ಸ್‌ವರ್ಕ್ ಮುಗಿದು ಸಿನಾಪ್ಸಿಸ್ (ಸಂಶೋಧನೆಯ ರೂಪರೇಷೆ) ಒಪ್ಪಿಗೆಯಾದ ಮೇಲೆ ಒಂದು ಸಂಜೆ ಕೂತು ಮೂರು ನಾಲ್ಕು ಪುಟ ಬರೆಯಿರಿ. ಅಲ್ಲಿ ಏನು ಸಿಗುತ್ತದೆ ಅಂತ ಅಂದುಕೊಂಡಿದ್ದೀರಿ? ಯಾರ ಮೇಲೆ ಕನಿಕರ ಇದೆ, ಯಾರ ಮೇಲೆ ಸಿಟ್ಟಿದೆ? ಥೀಸಿಸ್‌ನ ಕೊನೆಯ ಅಧ್ಯಾಯದಲ್ಲಿ ಏನು ಹೇಳಲು ಆಸೆ? ತಾರೀಖು ಹಾಕಿ, ಲಕೋಟೆಯಲ್ಲಿಟ್ಟು ಅಂಟಿಸಿ. ಆರು ತಿಂಗಳು ಮುಟ್ಟಬೇಡಿ.

ನನ್ನ ಲಕೋಟೆಯಲ್ಲಿ "ಕಾಡು ಬಿಟ್ಟ ಮೇಲೆ ಇವರ ಸಂಸ್ಕೃತಿ ನಶಿಸುತ್ತಿದೆ" ಅಂತಿತ್ತು. ಒಡೆದು ಓದಿದಾಗ ನಾಚಿಕೆಯಾಯಿತು. ಯಾಕೆಂದರೆ ನನ್ನ ಪ್ರಶ್ನೆಗಳೆಲ್ಲ ಅದೇ ಅಚ್ಚಿನಲ್ಲಿದ್ದವು. ಮೊದಲು ಏನಿತ್ತು, ಈಗ ಏನಿಲ್ಲ. ಹೊಸದಾಗಿ ಏನು ಬಂದಿದೆ ಅಂತ ಒಬ್ಬರನ್ನೂ ಕೇಳಿರಲಿಲ್ಲ. ಕಳೆದುಹೋದದ್ದನ್ನೇ ಕೇಳುತ್ತಾ ಹೋದರೆ ಜನ ಕಳೆದುಹೋದದ್ದನ್ನೇ ಹೇಳುತ್ತಾರೆ, ಅಲ್ವಾ?

ಜೊತೆಗೆ ಇನ್ನೊಂದು ಪಟ್ಟಿ ಮಾಡಿ. ನಿಮಗಿಂತ ಮೊದಲು ನೋಟ್‌ಬುಕ್ ಹಿಡಿದು ಅಲ್ಲಿಗೆ ಯಾರು ಯಾರು ಹೋಗಿದ್ದಾರೆ? ಅರಣ್ಯ ಇಲಾಖೆಯವರು, ಜನಗಣತಿಯವರು, ಎನ್‌ಜಿಒದವರು, ಓಟು ಕೇಳುವವರು, ಹಿಂದಿನ ಸಂಶೋಧಕರು. ನೀವು ಬಸ್ಸಿನಿಂದ ಇಳಿಯುವಾಗ ಜನ ನೋಡುವುದು ನಿಮ್ಮನ್ನಲ್ಲ, ಆ ಸಾಲಿನ ಕೊನೆಯವರನ್ನು.

ಕಾಡಂಚಿನ ಊರುಗಳಲ್ಲಿ ಇದು ಎಷ್ಟು ಸೂಕ್ಷ್ಮ ಅನ್ನುವುದಕ್ಕೆ ಒಂದು ಉದಾಹರಣೆ. "ಎಷ್ಟು ವರ್ಷದಿಂದ ಇಲ್ಲಿದ್ದೀರಿ?" ಇದಕ್ಕಿಂತ ಸರಳ ಪ್ರಶ್ನೆ ಇಲ್ಲ ಅನಿಸುತ್ತದೆ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಆ ಜಮೀನಿನಲ್ಲಿ ಇರಬೇಕು. ಇತರ ಅರಣ್ಯವಾಸಿಗಳಾದರೆ ಆ ದಿನಾಂಕಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ಬದುಕಿದ್ದಕ್ಕೆ ಪುರಾವೆ ಕೊಡಬೇಕು. ಅರ್ಜಿ ಕೊಟ್ಟು ಕಾಯುತ್ತಿರುವವರಿಗೆ ನಿಮ್ಮ ಪ್ರಶ್ನೆ ಕುಶಲ ವಿಚಾರಣೆಯ ಹಾಗೆ ಕೇಳುವುದಿಲ್ಲ. ಇನ್ನೂ ಒಂದು ವಿಷಯ: ಆ ಕಾಯ್ದೆಯ ನಿಯಮಗಳಲ್ಲಿ ಹೆಸರಾಂತ ಸಂಸ್ಥೆಗಳ ಸಂಶೋಧನಾ ಅಧ್ಯಯನಗಳೂ ಪುರಾವೆಯ ಪಟ್ಟಿಯಲ್ಲಿವೆ. ಸಂಶೋಧಕರು ಬರೆದದ್ದು ಕಪಾಟಿನಲ್ಲೇ ಕೂರುತ್ತದೆ ಅಂದುಕೊಳ್ಳಬೇಡಿ.

ಚೀಲ ಇಳಿಸಿದ ಮನೆ ಎಲ್ಲವನ್ನೂ ತೀರ್ಮಾನಿಸುತ್ತದೆ

ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆ ನಿಂತರು. ಬರಹದಲ್ಲಿ ಅದಕ್ಕೆ 'ರಾಂಪುರ' ಅಂತ ಹೆಸರಿಟ್ಟರು. ಉಳಿದುಕೊಂಡದ್ದು ಊರ ಪಟೇಲರ ಆಶ್ರಯದಲ್ಲಿ, ಅವರ ಎತ್ತುಗಳನ್ನು ಕಟ್ಟುವ ಮನೆಯಲ್ಲಿ. ಶ್ರೀನಿವಾಸ್ ಹುಟ್ಟಿದ್ದು ಅಯ್ಯಂಗಾರ್ ಮನೆತನದಲ್ಲಿ. ಊರಿನವರೂ ಅವರಿಂದ ಬ್ರಾಹ್ಮಣನ ನಡವಳಿಕೆಯನ್ನೇ ಬಯಸಿದರು. ತಾನು ಊರನ್ನು ಕಂಡದ್ದು ಹೆಚ್ಚಾಗಿ ಮೇಲ್ಜಾತಿಯವರ ಜಗಲಿಯಿಂದ, ದಲಿತರ ಕೇರಿಯ ಜೊತೆ ಒಡನಾಟ ಕಡಿಮೆಯಾಯಿತು ಅನ್ನುವುದನ್ನು ಅವರು ಮುಚ್ಚಿಡಲಿಲ್ಲ.

ಇನ್ನೊಬ್ಬ ಸಮಾಜಶಾಸ್ತ್ರಜ್ಞ ಆಂದ್ರೆ ಬೆತೆಯ್ 1961ರ ಸುಮಾರಿಗೆ ತಂಜಾವೂರು ಜಿಲ್ಲೆಯ ಹಳ್ಳಿಯಲ್ಲಿ ಅಗ್ರಹಾರದೊಳಗೇ ಇದ್ದರು. ಬಂಗಾಳದಿಂದ ಬಂದವರಾದರೂ ಅಲ್ಲಿ ಇರಲು ಅವಕಾಶ ಸಿಕ್ಕಿದ್ದರಿಂದ ಬ್ರಾಹ್ಮಣರ ಲೋಕ ಅವರಿಗೆ ತೆರೆದುಕೊಂಡಿತು. ಅದೇ ಕಾರಣಕ್ಕೆ ಕೇರಿಗೆ ಓಡಾಡುವುದು ಕಷ್ಟವಾಯಿತು. ಇವರಿಬ್ಬರೂ ದೊಡ್ಡ ವಿದ್ವಾಂಸರು. ಆದರೂ ತಂಗಿದ ಜಾಗದ ಹಿಡಿತದಿಂದ ತಪ್ಪಿಸಿಕೊಳ್ಳಲು ಆಗಲಿಲ್ಲ. ನಮಗೂ ಆಗುವುದಿಲ್ಲ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಂತೂ ಆಗುತ್ತದೆ.

ಹೀಗೆ ಮಾಡಿ. ಮೊದಲ ವಾರವೇ ಊರಿನ ನಕ್ಷೆ ಕೈಯಲ್ಲಿ ಬಿಡಿಸಿ. ಮನೆ, ಅಂಗಡಿ, ಬೋರ್‌ವೆಲ್, ಅಂಗನವಾಡಿ, ಗುಡಿ, ಕಟ್ಟೆ ಎಲ್ಲ ಬರಲಿ. ಪ್ರತಿ ರಾತ್ರಿ ಆ ದಿನ ಹೋದ ಮನೆಗೆ ಒಂದು ಚುಕ್ಕೆ ಇಡಿ. ಯಾರು ಕರೆದುಕೊಂಡು ಹೋದರೋ ಅವರ ಬಣ್ಣ ಬೇರೆ. ಬೆಳಿಗ್ಗೆ ಹೋದದ್ದೋ, ಸಂಜೆಯೋ ಅಂತ ಗುರುತು ಹಾಕಿ. ತಿಂಗಳಾದ ಮೇಲೆ ನಕ್ಷೆಯನ್ನು ಗೋಡೆಗೆ ಅಂಟಿಸಿ, ಚುಕ್ಕೆ ಇಲ್ಲದ ಜಾಗವನ್ನು ನೋಡಿ.

ನನ್ನ ನಕ್ಷೆಯಲ್ಲಿ ಚುಕ್ಕೆಗಳೆಲ್ಲ ರಸ್ತೆ ಪಕ್ಕದ ಮನೆಗಳಿಗೇ ಬಿದ್ದಿದ್ದವು. ಹಳ್ಳದ ಆಚೆಯ ಮನೆಗಳು ಬೋಳು. ನನ್ನನ್ನು ಸುತ್ತಾಡಿಸುತ್ತಿದ್ದ ಹುಡುಗನ ಮನೆಗೂ ಅವರಿಗೂ ಮಾತಿರಲಿಲ್ಲ. ಇದು ಗೊತ್ತಾಗುವ ಹೊತ್ತಿಗೆ ನಾಲ್ಕು ತಿಂಗಳು ಕಳೆದಿತ್ತು. ಆಚೆಯವರ ಕಣ್ಣಿಗೆ ನಾನು ಆಗಲೇ ಈಚೆಯವನಾಗಿದ್ದೆ. ಅದೇ ಹುಡುಗನ ಜೊತೆ ಅಲ್ಲಿಗೆ ಹೋಗಿ ಪ್ರಯೋಜನ ಇರಲಿಲ್ಲ. ಕೊನೆಗೆ ಆಶಾ ಕಾರ್ಯಕರ್ತೆಯೊಬ್ಬರು ತಮ್ಮ ಕೆಲಸಕ್ಕೆ ಹೋಗುವಾಗ "ಬನ್ನಿ ಸಾರ್" ಅಂದರು. ಆ ಮನೆಗಳಿಗೆ ನನ್ನ ಪ್ರವೇಶ ಆದದ್ದು ಆರೋಗ್ಯ ಇಲಾಖೆಯ ನೆರಳಲ್ಲಿ. ಅದನ್ನೂ ಬರೆದಿಡಬೇಕಾಯಿತು.

ಟಿಪ್ಪಣಿ: ಯಾರು ಹೇಳಿದರು ಅನ್ನುವುದಷ್ಟೇ ಸಾಲದು, ಯಾರು ಕೇಳಿಸಿಕೊಳ್ಳುತ್ತಿದ್ದರು?

ಈ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದಲು ಸಮಯ ಇದ್ದರೆ ಇದನ್ನು ಓದಿ. ನನ್ನ ಮೊದಲ ನೋಟ್‌ಬುಕ್ಕಿನ ಒಂದು ಸಾಲು ಹೀಗಿತ್ತು:

"ಹಾಡಿಯ ಜನ ಈಗ ಜೇನು ತೆಗೆಯುವುದನ್ನು ಬಿಟ್ಟಿದ್ದಾರೆ."

ಅದೇ ಸಂಜೆಯನ್ನು ಸರಿಯಾಗಿ ಬರೆದಿದ್ದರೆ ಹೀಗಿರುತ್ತಿತ್ತು:

"ಮಂಗಳವಾರ ಸಂಜೆ, ಅಂಗಡಿ ಕಟ್ಟೆ. ನಾನು, ಅಂಗಡಿಯವರು, ಮೂವರು ಗಂಡಸರು. ಫಾರೆಸ್ಟ್ ಗಾರ್ಡ್ ಬೈಕ್ ನಿಲ್ಲಿಸಿ ಬೀಡಿ ತೆಗೆದುಕೊಳ್ಳುತ್ತಿದ್ದರು. ನಾನು ಜೇನಿನ ವಿಷಯ ಎತ್ತಿದೆ. 'ಈಗ್ಯಾರೂ ಹೋಗಲ್ಲ ಸಾರ್' ಅಂದರು ಒಬ್ಬರು. ಇನ್ನಿಬ್ಬರು ನೆಲ ನೋಡಿದರು. ಗಾರ್ಡ್ ಹೋದ ಮೇಲೆ ಅಂಗಡಿಯವರು ರಾಗಿ ಬೆಲೆಯ ಮಾತು ತೆಗೆದರು."

ಮೊದಲನೆಯದು ಜೇನಿನ ಬಗ್ಗೆ ಒಂದು ತಪ್ಪು ಹೇಳಿಕೆ. ಎರಡನೆಯದರಲ್ಲಿ ಆ ಊರಿನಲ್ಲಿ ಜೇನಿನ ಬಗ್ಗೆ ಯಾರ ಎದುರು ಏನು ಹೇಳಬಹುದು ಅನ್ನುವುದು ಇದೆ. ನನಗೆ ಬೇಕಾಗಿದ್ದದ್ದು ಅದೇ. ಗಾರ್ಡ್ ಇರುವಾಗ ಆ ಪ್ರಶ್ನೆ ಎತ್ತಿದ್ದು ನನ್ನ ದಡ್ಡತನ ಅನ್ನುವುದೂ ಎರಡನೆಯದರಲ್ಲಿ ಕಾಣುತ್ತದೆ. ಮೊದಲನೆಯದು ಅದನ್ನು ನುಂಗಿ ಹಾಕಿದೆ.

ಹಾಗಾಗಿ ಕೆಲವು ಅಭ್ಯಾಸ ಮಾಡಿಕೊಳ್ಳಿ. ಸ್ಥಳದಲ್ಲಿ ನಾಲ್ಕು ಪದ ಗೀಚಿಕೊಳ್ಳಿ. ಮಲಗುವ ಮೊದಲು ಪೂರ್ತಿ ಬರೆಯಿರಿ. ನಾಳೆ ಬರೆಯುತ್ತೇನೆ ಅಂದರೆ ಮಾತು ನಿಮ್ಮ ಭಾಷೆಗೆ ತಿರುಗಿಬಿಡುತ್ತದೆ. ಪುಟದ ಬಲಗಡೆ ಕಂಡದ್ದು, ಕೇಳಿದ್ದು. ಎಡಗಡೆಯನ್ನು ಖಾಲಿ ಬಿಡಿ. ಅಲ್ಲಿ ನಿಮ್ಮ ಅನುಮಾನ, ಊಹೆ, ಆಮೇಲೆ ಗೊತ್ತಾದದ್ದು, ಬೇರೆ ಶಾಯಿಯಲ್ಲಿ, ತಾರೀಖಿನ ಜೊತೆ. ಬಲಗಡೆಯನ್ನು ಯಾವತ್ತೂ ತಿದ್ದಬೇಡಿ.

ಇನ್ನು ಮನಸ್ಸಿನ ಗೋಳು ಹೇಳಿಕೊಳ್ಳಲು ಒಂದು ಬೇರೆ ಡೈರಿ ಇರಲಿ. ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಾಲಿನೋವ್‌ಸ್ಕಿ ಮೊದಲ ಮಹಾಯುದ್ಧದ ಕಾಲದಲ್ಲಿ ನ್ಯೂಗಿನಿ ಪಕ್ಕದ ಟ್ರೊಬ್ರಿಯಾಂಡ್ ದ್ವೀಪಗಳಲ್ಲಿ ಕಳೆದ ಸಮಯ ಕ್ಷೇತ್ರಕಾರ್ಯಕ್ಕೇ ಮಾದರಿಯಾಯಿತು. ಜನರ ನಡುವೆ ಇದ್ದು, ಅವರ ಭಾಷೆ ಕಲಿತು, ಅವರ ಕಣ್ಣಿನಿಂದ ನೋಡಬೇಕು ಅಂತ ಕಲಿಸಿದವರು ಅವರು. ಸತ್ತು 25 ವರ್ಷಗಳಾದ ಮೇಲೆ, 1967ರಲ್ಲಿ, ಅವರ ಖಾಸಗಿ ಡೈರಿ ಅಚ್ಚಾಯಿತು. ಅದರಲ್ಲಿ ಬೇಸರ, ಕಾಯಿಲೆಯ ಭಯ, ಕಾಮ, ದ್ವೀಪದ ಜನರ ಮೇಲೆ ಅಸಹ್ಯದ ಮಾತು ಎಲ್ಲ ಇದ್ದವು. ಓದುಗರು ಬೆಚ್ಚಿದರು. ಸಿಟ್ಟು ಬಂದದ್ದನ್ನು ಬರೆದಿದ್ದಕ್ಕೆ ನಾನು ಅವರನ್ನು ದೂರುವುದಿಲ್ಲ. ಆದರೆ ಆ ಡೈರಿಗೂ ಪುಸ್ತಕಗಳಿಗೂ ನಡುವೆ ಒಂದು ಬಾಗಿಲೂ ಇರಲಿಲ್ಲ. ನೀವು ತಿಂಗಳಿಗೊಮ್ಮೆ ಡೈರಿಯನ್ನೂ ಟಿಪ್ಪಣಿಯನ್ನೂ ಅಕ್ಕಪಕ್ಕ ಇಟ್ಟು ಓದಿ. ತಲೆ ಕೆಟ್ಟಿದ್ದ ವಾರದಲ್ಲಿ ಯಾರನ್ನು "ಸಹಕರಿಸಲಿಲ್ಲ" ಅಂತ ಬರೆದಿದ್ದೀರಿ ನೋಡಿಕೊಳ್ಳಿ.

ನೀವು, ನೀನು, ಸಾರ್

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಒಂದು ಒಳ್ಳೆಯ ಅಳತೆಗೋಲು ಭಾಷೆಯೊಳಗೇ ಇದೆ. ಯಾರು ನಿಮ್ಮನ್ನು ಏನಂತ ಕರೆಯುತ್ತಾರೆ, ಯಾವ ದಿನದಿಂದ? 'ಸಾರ್' ಯಾವಾಗ 'ಅಣ್ಣ' ಆಯಿತು? ಯಾರ ಬಾಯಲ್ಲಿ ಕೊನೆಯವರೆಗೂ ಸಾರ್ ಆಗೇ ಉಳಿದಿರಿ? ಇದನ್ನು ತಾರೀಖಿನ ಜೊತೆ ಬರೆಯಿರಿ.

ಆಮೇಲೆ ಕಷ್ಟದ ಕೆಲಸ. ನಿಮ್ಮದೇ ರೆಕಾರ್ಡಿಂಗ್ ಹಾಕಿ, ನೀವು ಯಾರನ್ನು ಏಕವಚನದಲ್ಲಿ ಮಾತಾಡಿಸಿದ್ದೀರಿ ಕೇಳಿ. ನಾನು ಕೇಳಿದೆ. ಪಕ್ಕದ ಊರಿನ ಮೇಷ್ಟ್ರಿಗೆ ನೀವು, ಅಂಗಡಿಯವರಿಗೆ ನೀವು. ಹಾಡಿಯಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಕೂಲಿಯವರಿಗೆ "ಏನ್ ಮಾಡ್ತಿದ್ದೆ ಆಗ?" ಅಂತ ಕೇಳಿದ್ದೆ. ಸಲಿಗೆ ಅಂತ ಮನಸ್ಸು ಸಮಜಾಯಿಷಿ ಕೊಟ್ಟಿತು. ಆದರೆ ಅವರು ನನಗೆ ನೀನು ಅಂದಿರಲಿಲ್ಲ. ಸಲಿಗೆಯಾದರೆ ಎರಡೂ ಕಡೆಯಿಂದ ಇರುತ್ತಿತ್ತು.

ಭಾಷೆಯ ಇನ್ನೊಂದು ಎಡವಟ್ಟು ಬರೆಯುವಾಗ ಆಗುವುದು. "ದೇವ್ರು ಮೈಮೇಲೆ ಬತ್ತದೆ" ಅಂದದ್ದನ್ನು ನಾವು "ದೈವಾವೇಶ ಉಂಟಾಗುತ್ತದೆ" ಅಂತ ಬರೆಯುತ್ತೇವೆ. "ಕಾಡಿಗೆ ಹೋಯ್ತಿದ್ವಿ" ಅನ್ನುವುದು "ಅರಣ್ಯ ಸಂಪನ್ಮೂಲವನ್ನು ಅವಲಂಬಿಸಿದ್ದರು" ಆಗುತ್ತದೆ. ಎರಡನೆಯದು ಸರ್ಕಾರದ ಕಡತದ ಭಾಷೆ. ಜೇನು ಕುರುಬರಿಗೆ, ಸೋಲಿಗರಿಗೆ, ಕೊರಗರಿಗೆ ತಮ್ಮದೇ ನುಡಿಗಳಿವೆ. ನಮ್ಮ ಜೊತೆ ಕನ್ನಡದಲ್ಲಿ ಮಾತಾಡುವಾಗಲೇ ಅವರು ಒಂದು ಸಲ ಅನುವಾದ ಮಾಡಿರುತ್ತಾರೆ. ನಾವು ಗ್ರಾಂಥಿಕಕ್ಕೆ ತಿರುಗಿಸುವುದು ಎರಡನೆಯ ಸಲ, ಇಂಗ್ಲಿಷ್ ಥೀಸಿಸ್ ಆದರೆ ಮೂರನೆಯ ಸಲ. ಮೂಲ ಮಾತನ್ನು ಇದ್ದ ಹಾಗೆ ಉಳಿಸಿ, ಅರ್ಥವನ್ನು ಕೆಳಗೆ ಕೊಡಿ. ಇದನ್ನು ನಾನು ಕಲಿತದ್ದು ಬಹಳ ತಡವಾಗಿ. ಕೊನೆಯಲ್ಲಿ ಹೇಳುತ್ತೇನೆ.

ಒಪ್ಪಿಗೆ, ಅರ್ಜಿ, ಋಣ

ವಿಶ್ವವಿದ್ಯಾಲಯ ಕೊಟ್ಟ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ ಅಂತ ನಿಯಮ ಇರಬಹುದು. ಆದರೆ ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡ ಕಥೆ ಇರುವ ಊರಲ್ಲಿ ಕಾಗದ ಚಾಚುವುದು ಹೆದರಿಸಿದ ಹಾಗೆ. ಬಾಯಿ ಮಾತಿನ ಒಪ್ಪಿಗೆ ದಾಖಲಿಸಲು ವಿಶ್ವವಿದ್ಯಾಲಯದ ಸಮಿತಿಯ ಹತ್ತಿರ ಮೊದಲೇ ಅನುಮತಿ ಕೇಳಿ. ಒಂದು ಸಲ ಹೂಂ ಅಂದರೆ ಎಲ್ಲದಕ್ಕೂ ಹೂಂ ಅಲ್ಲ. ಫೋನ್ ಹೊರಗೆ ತೆಗೆದಾಗೆಲ್ಲ ಕೇಳಿ. "ಬ್ಯಾಡ" ಅನ್ನಲು ಮುಜುಗರ ಪಡುವವರು "ನಾಳೆ ಬನ್ನಿ" ಅನ್ನುತ್ತಾರೆ. ಮೂರು ಸಲ ನಾಳೆ ಬನ್ನಿ ಅಂದರೆ ಅದು ಉತ್ತರ. ನಾಲ್ಕನೇ ಸಲ ಹೋಗಬೇಡಿ.

ಈಗ ನನ್ನ ಗೈಡ್ ಪೆನ್ಸಿಲಿನಲ್ಲಿ ಬರೆದ ಪ್ರಶ್ನೆಗೆ ಬರುತ್ತೇನೆ. ಜನ ಆಮೇಲೆ ಯಾಕೆ ಹೇಳಿದರು? ನನ್ನ ವಿನಯಕ್ಕೆ ಮೆಚ್ಚಿ ಅಂತ ಅಂದುಕೊಂಡಿದ್ದೆ. ನೋಟ್‌ಬುಕ್ ತಿರುವಿ ನೋಡಿದರೆ ದೀರ್ಘ ಮಾತುಕತೆಗಳೆಲ್ಲ ಒಂದು ತಾರೀಖಿನ ನಂತರ ಶುರುವಾಗಿದ್ದವು. ಆ ವಾರ ನಾನು ಒಬ್ಬರಿಗೆ ರೇಷನ್ ಕಾರ್ಡಿನ ಅರ್ಜಿ ತುಂಬಿಕೊಟ್ಟಿದ್ದೆ. ಆಮೇಲೆ ಪಿಂಚಣಿ, ಆಧಾರ್ ತಿದ್ದುಪಡಿ, ಹಾಸ್ಟೆಲ್ ಸೀಟು. ನಾನು ಅರ್ಜಿ ಬರೆಯುವ ಸಾರ್ ಆಗಿದ್ದೆ. ಜನ ಕತೆ ಹೇಳುತ್ತಿದ್ದದ್ದು ಆ ಋಣಕ್ಕೆ. ಇದು ತಪ್ಪು ಅಂತ ನನಗೆ ಅನಿಸುವುದಿಲ್ಲ. ಹಳ್ಳಿಯಲ್ಲಿ ಸಂಬಂಧ ನಡೆಯುವುದೇ ಹಾಗೆ. ಆದರೆ ಅರ್ಜಿ ಬೇಕಿಲ್ಲದವರು ನನ್ನ ಥೀಸಿಸ್‌ನಲ್ಲಿ ಬಹುಮಟ್ಟಿಗೆ ಇಲ್ಲ. ಸರ್ಕಾರಿ ಸೌಲಭ್ಯದ ವಿಷಯ ಇಷ್ಟೊಂದು ಯಾಕಿದೆ ಅನ್ನುವುದಕ್ಕೂ ಅದೇ ಕಾರಣ. ಇದನ್ನು ಬರೆಯದೆ "ಸಹಕರಿಸಿದರು" ಅಂತ ಬರೆದರೆ ಸುಳ್ಳಾಗುತ್ತಿತ್ತು.

ನೀವೂ ಒಂದು ಕೊಡು-ಕೊಳ್ಳುವ ಪುಸ್ತಕ ಇಡಿ. ಏನು ಕೊಟ್ಟಿರಿ, ಏನು ಉಂಡಿರಿ, ಯಾರು ಸಾಲ ಕೇಳಿದರು, ಯಾರಿಗೆ ಇಲ್ಲ ಅಂದಿರಿ. ಒಂದೆರಡು ಸಾಲು ಸಾಕು.

ಎಡವಿದ್ದನ್ನು ಕಥೆ ಮಾಡಬೇಡಿ

1958ರಲ್ಲಿ ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್ ದಂಪತಿ ಬಾಲಿಯ ಹಳ್ಳಿಯಲ್ಲಿ ಕೋಳಿ ಅಂಕ ನೋಡುತ್ತಿದ್ದಾಗ ಪೊಲೀಸರು ನುಗ್ಗಿದರು. ಜನರ ಜೊತೆ ಅವರೂ ಓಡಿದರು. ಅಲ್ಲಿಯವರೆಗೆ ಅವರನ್ನು ಗಾಳಿಯ ಹಾಗೆ ನೋಡುತ್ತಿದ್ದ ಊರು ಮಾರನೇ ದಿನದಿಂದ ನಗುತ್ತಾ ಮಾತಾಡಿಸಿತು. ಈ ಪ್ರಸಂಗ ಎಷ್ಟು ಪ್ರಸಿದ್ಧ ಅಂದರೆ, ಪ್ರತಿ ಸಂಶೋಧನಾರ್ಥಿಗೂ ತನ್ನದೊಂದು ಕೋಳಿ ಅಂಕ ಬೇಕು ಅನಿಸುತ್ತದೆ. ಒಂದು ಘಟನೆ, ಊರೇ ತೆರೆದುಕೊಂಡಿತು, ಇನ್ನು ನಾನು ಅವರಲ್ಲೊಬ್ಬ. ನನ್ನ ಅನುಭವದಲ್ಲಿ ಊರು ಹಾಗೆ ತೆರೆದುಕೊಳ್ಳುವುದಿಲ್ಲ. ಒಂದು ಮನೆ ತೆರೆದರೆ ಇನ್ನೊಂದು ಮುಚ್ಚುತ್ತದೆ. ಅಂಥ ಕಥೆ ಬರೆಯುವ ಆಸೆಯಾದರೆ, ಆ ದಿನ ಮುಚ್ಚಿದ ಬಾಗಿಲು ಯಾವುದು ಅಂತಲೂ ಹುಡುಕಿ.

ತಿಂಗಳಿಗೊಮ್ಮೆ ಗೈಡಿಗೆ ಎರಡು ಪುಟದ ಪತ್ರ ಕಳಿಸಿ. ಈ ತಿಂಗಳು ಯಾವ ಅಭಿಪ್ರಾಯ ಬದಲಾಯಿತು, ಯಾಕೆ. ಅವರು ಓದುತ್ತಾರೋ ಇಲ್ಲವೋ, ನಿಮಗೆ ತಾರೀಖು ಹಾಕಿದ ದಾಖಲೆ ಸಿಗುತ್ತದೆ.

ಪ್ರತಿಗಳು

1970ರ ಏಪ್ರಿಲ್ 24ರಂದು ಸ್ಟ್ಯಾನ್‌ಫರ್ಡ್‌ನಲ್ಲಿ ಶ್ರೀನಿವಾಸ್ ಅವರ ಕೊಠಡಿ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ಉರಿಯಿತು. ವರ್ಷಗಟ್ಟಲೆ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿ ಅಲ್ಲೇ ಇದ್ದವು. ರಾಂಪುರದ ಪುಸ್ತಕವನ್ನು ಅವರು ಮುಖ್ಯವಾಗಿ ನೆನಪಿನಿಂದ ಬರೆದರು. ಅದು 1976ರಲ್ಲಿ ಬಂತು. ನಮ್ಮ ನೆನಪು ಅವರಷ್ಟು ಗಟ್ಟಿ ಇಲ್ಲ. ಪ್ರತಿಗಳು ಬೇರೆ ಬೇರೆ ಊರಲ್ಲಿರಲಿ. ನಿಜವಾದ ಹೆಸರುಗಳ ಪಟ್ಟಿ ಟಿಪ್ಪಣಿಯ ಜೊತೆ ಇರದಿರಲಿ. ಫೋನಿಗೆ ಲಾಕ್ ಹಾಕಿ. ಅದರಲ್ಲಿ ಗಾರ್ಡ್ ಎದುರು ಆಡಲಾಗದ ಜೇನಿನಂಥ ಮಾತು ಇದೆ, ನೆನಪಿರಲಿ.

ಬರೆಯುವಾಗ

ಅಧ್ಯಾಯದ ಕರಡು ಆದ ಮೇಲೆ "ಜನ", "ಇವರು", "ಸಮುದಾಯದಲ್ಲಿ" ಅನ್ನುವ ಪದ ಬಂದಲ್ಲೆಲ್ಲ ಕೆಂಪು ಗೆರೆ ಹಾಕಿ. ಪ್ರತಿ ಗೆರೆಗೂ ನಾಲ್ಕು ಪ್ರಶ್ನೆ: ಎಷ್ಟು ಮಂದಿ ಹೇಳಿದರು? ಎಲ್ಲಿ? ಯಾರೆದುರು? ನಾನು ಕೇಳಿದ್ದಕ್ಕೋ, ತಾವಾಗಿಯೋ? ನನ್ನ ಒಂದು ವಾಕ್ಯ "ಮದುವೆಯ ತೀರ್ಮಾನ ಯಜಮಾನರದ್ದು" ಅಂತಿತ್ತು. ಪ್ರಶ್ನೆ ಹಾಕಿದ ಮೇಲೆ ಅದು "ಹಾಡಿಯ ಯಜಮಾನರ ಮನೆ ಜಗಲಿಯಲ್ಲಿ ಕೂತು ಕೇಳಿದಾಗ ಐವರು ಗಂಡಸರು ಮದುವೆಯ ತೀರ್ಮಾನ ಯಜಮಾನರದ್ದು ಅಂದರು" ಆಯಿತು. ಆಗಲೇ ಹೊಳೆದದ್ದು, ಬೋರ್‌ವೆಲ್ ಹತ್ತಿರ ಒಬ್ಬ ಹೆಂಗಸು ಇದಕ್ಕೆ ಪೂರ್ತಿ ಉಲ್ಟಾ ಹೇಳಿದ್ದರು. ಆ ಸಾಲು ಮೂರನೇ ನೋಟ್‌ಬುಕ್ಕಿನಲ್ಲಿ ಸುಮ್ನೆ ಕೂತಿತ್ತು. ಅಧ್ಯಾಯದ ವಾದವೇ ತಿರುಗಿತು.

ನಿಮ್ಮ ವಿಮರ್ಶೆಯಿಂದ ಥೀಸಿಸ್‌ನ ಒಂದು ವಾದವೂ ಬದಲಾಗದಿದ್ದರೆ ನೀವು ಮಾಡಿದ್ದು ಕಾಲು ತೊಳೆದ ಕೆಲಸ. ಹಾಗಂತ ಪುಟಪುಟಕ್ಕೂ 'ನಾನು, ನಾನು' ಅಂತ ಬರಬಾರದು. ವಾದವನ್ನು ಅಲುಗಿಸುವ ಜಾಗದಲ್ಲಿ ಮಾತ್ರ ನೀವು ಕಾಣಿಸಿಕೊಳ್ಳಿ. ಮಿಕ್ಕದ್ದು ಡೈರಿಯಲ್ಲಿರಲಿ.

ಹೆಸರು ಮರೆಸುವುದು

ಊರಿಗೆ ಕಟ್ಟುಹೆಸರು ಇಟ್ಟರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ರಾಂಪುರದ ನಿಜವಾದ ಹೆಸರು ಕೊಡಗಹಳ್ಳಿ ಅನ್ನುವುದು ಈಗ ಗುಟ್ಟೇನಲ್ಲ. ಮಾನವಶಾಸ್ತ್ರಜ್ಞೆ ನ್ಯಾನ್ಸಿ ಶೆಪರ್-ಹ್ಯೂಸ್ ಐರ್ಲೆಂಡಿನ ಒಂದು ಹಳ್ಳಿಯ ಮಾನಸಿಕ ಕಾಯಿಲೆ ಮತ್ತು ಕುಟುಂಬಗಳ ಬಗ್ಗೆ 1979ರಲ್ಲಿ ಪುಸ್ತಕ ತಂದರು. ಊರಿನ ಹೆಸರು ಬದಲಿಸಿದ್ದರು. ಊರಿನವರು ಓದಿದರು, ತಮ್ಮನ್ನೇ ಗುರುತು ಹಿಡಿದರು, ನೊಂದರು. 1999ರಲ್ಲಿ ನ್ಯಾನ್ಸಿ ಮರಳಿ ಹೋದಾಗ ಊರಿನವರು ಅವರನ್ನು ಅಲ್ಲಿಂದ ಹೊರಡುವಂತೆ ಮಾಡಿದರು.

ಈಗ ನಮ್ಮ ಥೀಸಿಸ್‌ಗಳು ಶೋಧಗಂಗಾ ಅನ್ನುವ ಆನ್‌ಲೈನ್ ಭಂಡಾರದಲ್ಲಿ ಸಿಗುತ್ತವೆ. ಹಾಡಿಯ ಹುಡುಗರ ಕೈಯಲ್ಲೂ ಫೋನ್ ಇದೆ. ಹೊರಗಿನವರಿಗೆ ಗುರುತು ಸಿಗದಿದ್ದರೂ ಪಕ್ಕದ ಮನೆಯವರಿಗೆ ಸಿಗುತ್ತದೆ, ಜಗಳ ಹತ್ತುವುದು ಅಲ್ಲೇ. ಹಾಗಾಗಿ "ಇದನ್ನು ಇವರ ನಾದಿನಿ ಓದಿದರೆ?" ಅಂತ ಕೇಳಿಕೊಂಡು ಓದಿ. ಬೇಕಾದರೆ ಒಬ್ಬರ ಮಾತನ್ನು ಇಬ್ಬರಿಗೆ ಹಂಚಿ, ಹಾಗೆ ಮಾಡಿದ್ದೇನೆ ಅಂತ ವಿಧಾನದ ಅಧ್ಯಾಯದಲ್ಲಿ ಹೇಳಿ. ಕೆಲವನ್ನು ಬಿಟ್ಟೇಬಿಡಿ. ಕಾಡಿನೊಳಗೆ ಯಾವ ದಾರಿಯಲ್ಲಿ ಹೋಗುತ್ತಾರೆ ಅನ್ನುವ ನಕ್ಷೆ ನನ್ನ ಹತ್ತಿರ ಇತ್ತು. ಥೀಸಿಸ್‌ನಲ್ಲಿ ಇಲ್ಲ. ವೈವಾದಲ್ಲಿ (ಕೊನೆಯ ಮೌಖಿಕ ಪರೀಕ್ಷೆಯಲ್ಲಿ) ಒಬ್ಬರು ಕೇಳಿದರು. "ಅದು ಕೊಡುವಂಥದ್ದಲ್ಲ ಸರ್" ಅಂದೆ. ಮುಂದಿನ ಪ್ರಶ್ನೆಗೆ ಹೋದರು.

ಮರಳಿ ಹೋಗುವುದು

ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಿಂದ 56ರವರೆಗೆ ಮಂಡ್ಯ ಸೀಮೆಯ ಎರಡು ಹಳ್ಳಿಗಳಲ್ಲಿದ್ದರು. ನಾಲೆ ನೀರು ಬಂದ ಊರು ಒಂದು, ಬಾರದ ಊರು ಇನ್ನೊಂದು. 1970ರಲ್ಲಿ ಮತ್ತೆ ಬಂದು ಎರಡನ್ನೂ ನೋಡಿ ಇನ್ನೊಂದು ಪುಸ್ತಕ ಬರೆದರು. ಅಷ್ಟು ವರ್ಷ ಕಾಯಬೇಕಿಲ್ಲ. ಥೀಸಿಸ್ ಒಪ್ಪಿಸುವ ಮೊದಲೇ ಒಂದು ಸಲ ಹೋಗಿ. ಇಡೀ ಕಟ್ಟು ಹೊತ್ತುಕೊಂಡು ಹೋಗಬೇಡಿ. ಅವರವರ ಮಾತು ಇರುವ ಪುಟಗಳನ್ನು ಮಾತ್ರ ಪ್ರಿಂಟ್ ತೆಗೆಸಿ, ಕೂತು ಓದಿ ಹೇಳಿ.

ನಾನು ಹೋದಾಗ ಅಜ್ಜಿಯೊಬ್ಬರ ಪುಟವನ್ನು ಅವರ ಮೊಮ್ಮಗಳ ಕೈಗೆ ಕೊಟ್ಟೆ. ಪಿಯುಸಿ ಓದುತ್ತಿದ್ದ ಹುಡುಗಿ. ಜೋರಾಗಿ ಓದುತ್ತಾ ಹೋದಳು. ಅಜ್ಜಿ ಎಲೆಅಡಿಕೆ ಹಾಕಿಕೊಂಡು ಕೇಳುತ್ತಿದ್ದರು. ಅರ್ಧಕ್ಕೆ ನಿಲ್ಲಿಸಿ ಹುಡುಗಿ ಕೇಳಿದಳು: "ಸಾರ್, ಇದು ಅಜ್ಜಿ ಹೇಳಿದ್ದು ಅಂತ ಹಾಕಿದ್ದೀರ. ಅಜ್ಜಿ ಹಿಂಗೆ ಮಾತಾಡಲ್ವಲ್ಲ?" ಅಜ್ಜಿ ನಕ್ಕು, "ಯಾರೋ ಮೇಷ್ಟ್ರು ಏಳಿರ್ಬೇಕು ಬುಡು" ಅಂದರು.

ಅವತ್ತು ರಾತ್ರಿ ರೆಕಾರ್ಡಿಂಗ್ ಮತ್ತೆ ಹಾಕಿ ಕೇಳಿದೆ. ಆ ಪುಟದಲ್ಲಿ ಅಜ್ಜಿಯ ಮಾತು ಅಂತ ಏಳು ಉಲ್ಲೇಖಗಳಿದ್ದವು. ಏಳನ್ನೂ ಮೊದಲಿನಿಂದ ಬರೆದೆ.